ಹಾರ್ಟ್ ಆಪರೇಷನ್ ಆದಮೇಲೆ ಎಕ್ಮೊ: ಹಾಸಿಗೆ ಪಕ್ಕ ನಿಲ್ಲುವವರಿಗೆ

ಆಪರೇಷನ್ ಮುಗಿದಿದೆ. ವಾಲ್ವ್ ಸರಿಯಾಗಿ ಕೂತಿದೆ, ಹೊಲಿಗೆಯಲ್ಲಿ ಸೋರಿಕೆ ಇಲ್ಲ. ಹಾರ್ಟ್-ಲಂಗ್ ಮಿಷನ್ ನಡೆಸುವ ಪರ್ಫ್ಯೂಷನಿಸ್ಟ್ ಅದರ ಹರಿವನ್ನು ಮೆಲ್ಲಗೆ ಇಳಿಸುತ್ತಾರೆ. ಬಿಪಿ ಬೀಳುತ್ತದೆ. ಮತ್ತೆ ಏರಿಸುತ್ತಾರೆ, ಹೃದಯಕ್ಕೆ ಸ್ವಲ್ಪ ಹೊತ್ತು ವಿರಾಮ ಕೊಡುತ್ತಾರೆ, ಅಡ್ರಿನಲಿನ್ ಜಾಸ್ತಿ ಮಾಡಿ ಇನ್ನೊಂದು ಸಲ ಇಳಿಸಿ ನೋಡುತ್ತಾರೆ. ಮತ್ತೆ ಅದೇ ಕಥೆ. ಓಟಿಯಲ್ಲಿ ಮಾತು ಕಡಿಮೆಯಾಗುತ್ತದೆ. ಆಗ ಯಾರೋ ಒಬ್ಬರು ಕೇಳುತ್ತಾರೆ: "ಎಕ್ಮೊ ತರಿಸೋಣವಾ?" ರಕ್ತವನ್ನು ದೇಹದಿಂದ ಹೊರತೆಗೆದು, ಆಕ್ಸಿಜನ್ ಸೇರಿಸಿ, ಮತ್ತೆ ಒಳಕ್ಕೆ ಪಂಪ್ ಮಾಡುವ ಮಿಷನ್ ಅದು.

ಹಾರ್ಟ್ ಐಸಿಯುಗೆ ಹೊಸದಾಗಿ ಬಂದ ನರ್ಸ್, ಕಿರಿಯ ಡಾಕ್ಟರ್, ಕಲಿಯುತ್ತಿರುವ ಪರ್ಫ್ಯೂಷನಿಸ್ಟ್ ಈ ಪ್ರಶ್ನೆಯನ್ನು ಬೇಗನೆ ಕೇಳಿಸಿಕೊಳ್ಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಬೇರೆ ಹೇಳಿದರೆ ಅದೇ ಮೊದಲು. ಇಲ್ಲಿರುವ ಸಂಖ್ಯೆಗಳು ಸಾಮಾನ್ಯವಾಗಿ ಬಳಕೆಯಲ್ಲಿರುವವು, ಅಷ್ಟೇ.

ಈ ಮಿಷನ್ ಏನು ಮಾಡಲ್ಲ

ಎಕ್ಮೊ ಹೃದಯವನ್ನು ವಾಸಿ ಮಾಡುವುದಿಲ್ಲ. ಹೃದಯ ಚೇತರಿಸಿಕೊಳ್ಳುವ ತನಕ ಮೆದುಳು, ಕಿಡ್ನಿ, ಲಿವರ್‌ಗೆ ರಕ್ತ ಕಳಿಸಿ ಕಾಲಾವಕಾಶ ಕೊಡಿಸುತ್ತದೆ. ಹಾಗಾಗಿ ಹಾಕುವ ಮುಂಚೆಯೇ ಕೇಳಬೇಕಾದ ಮಾತು: ಯಾವುದಕ್ಕಾಗಿ ಈ ಕಾಲ? ಸ್ತಬ್ಧವಾದ ಸ್ನಾಯು ಎರಡು ಮೂರು ದಿನದಲ್ಲಿ ಎದ್ದೀತು ಅಂತಲೋ? ಹೃದಯ ಕಸಿ ಅಥವಾ ವ್ಯಾಡ್‌ಗೆ (ಹೃದಯಕ್ಕೆ ಜೋಡಿಸುವ ಪಂಪ್) ದಾರಿ ಇದೆ ಅಂತಲೋ? ಎರಡೂ ಇಲ್ಲ ಅಂದರೆ ಅದು ಸುಮ್ನೆ ಸಾವನ್ನು ಮುಂದೂಡಿದ ಹಾಗೆ.

ಆಪರೇಷನ್‌ನಲ್ಲಿ ಬಳಸುವ ಹಾರ್ಟ್-ಲಂಗ್ ಮಿಷನ್ನೇ ಎರಡು ದಿನ ಓಡಿಸಬಾರದೇಕೆ? ಹೊಸಬರೆಲ್ಲ ಕೇಳುವ ಪ್ರಶ್ನೆ ಇದು. 1953ರಲ್ಲಿ ಜಾನ್ ಗಿಬ್ಬನ್ ಅಂಥ ಮಿಷನ್ ಇಟ್ಟುಕೊಂಡು ಮೊದಲ ಸಲ ಯಶಸ್ವಿಯಾಗಿ ಹೃದಯದ ಒಳಗೆ ಆಪರೇಷನ್ ಮಾಡಿದರು. ಆ ಬಗೆಯ ಮಿಷನ್‌ನಲ್ಲಿ ರಕ್ತ ನಿಲ್ಲುವ ಒಂದು ದೊಡ್ಡ ಪಾತ್ರೆ ಇರುತ್ತದೆ, ರಕ್ತಕ್ಕೆ ಗಾಳಿ ತಾಗುತ್ತದೆ, ಹೆಪ್ಪುಗಟ್ಟದಂತೆ ಭಾರಿ ಪ್ರಮಾಣದ ಹೆಪಾರಿನ್ ಬೇಕು. ಕೆಲವು ಗಂಟೆಗೆ ಸರಿ, ದಿನಗಟ್ಟಲೆಗೆ ಆಗದು. ಎಕ್ಮೊದಲ್ಲಿ ಆ ಪಾತ್ರೆ ಇಲ್ಲ. ಪೈಪ್, ಪಂಪ್, ರಕ್ತಕ್ಕೆ ಆಕ್ಸಿಜನ್ ತುಂಬುವ ಆಕ್ಸಿಜನೇಟರ್, ಮತ್ತೆ ಪೈಪ್, ಇಷ್ಟೇ ಇರುವ ಮುಚ್ಚಿದ ಸುತ್ತು. ವಯಸ್ಕರೊಬ್ಬರು ಇದರಿಂದ ಮೊದಲ ಸಲ ಬದುಕುಳಿದದ್ದು 1971ರಲ್ಲಿ. ಅಪಘಾತದಲ್ಲಿ ಗಾಯಗೊಂಡು ಶ್ವಾಸಕೋಶ ಕೈಕೊಟ್ಟಿದ್ದ ಯುವಕ ಅವನು. ಪಾತ್ರೆ ಇಲ್ಲದ್ದರಿಂದ ಹೆಪಾರಿನ್ ಕಡಿಮೆ ಸಾಕು. ಆದರೆ ಗಾಳಿ ಒಳಗೆ ಹೋದರೆ ಹಿಡಿದಿಡುವ ಜಾಗವೂ ಇಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲ ಹೆಜ್ಜೆ: ಕ್ಯಾನುಲಾ (ರಕ್ತನಾಳಕ್ಕೆ ತೂರಿಸುವ ಪೈಪ್) ಅಲ್ಲ, ಎಕೊ

ಬಿಪಿ ನಿಲ್ಲುತ್ತಿಲ್ಲ ಅಂದಾಗ ಎಲ್ಲರ ಕಣ್ಣು ಮಿಷನ್ ಕಡೆ ಹೋಗುತ್ತದೆ. ಆದರೆ ಮೊದಲು ಕೇಳಬೇಕಾದದ್ದು, ರಿಪೇರಿ ಆಗುವಂಥದ್ದು ಏನಾದರೂ ಬಿಟ್ಟುಹೋಗಿದೆಯಾ? ಬೈಪಾಸ್ ಗ್ರಾಫ್ಟ್ ಮಡಚಿಕೊಂಡಿದೆಯಾ? ಕರೊನರಿಯಲ್ಲಿ ಗಾಳಿ ಸೇರಿದೆಯಾ? ವಾಲ್ವ್‌ನ ಎಲೆ ಸಿಕ್ಕಿಹಾಕಿಕೊಂಡಿದೆಯಾ? ಐಸಿಯುನಲ್ಲಿದ್ದರೆ ಹೃದಯದ ಸುತ್ತ ರಕ್ತ ಕಟ್ಟಿಕೊಂಡು ಟ್ಯಾಂಪೊನೇಡ್ ಆಗಿದೆಯಾ? ಅನ್ನನಾಳದ ಮೂಲಕ ಮಾಡುವ ಎಕೊ, ಅಂದರೆ ಹೃದಯದ ಅಲ್ಟ್ರಾಸೌಂಡ್, ಇಲ್ಲಿ ನಿಮ್ಮ ಕಣ್ಣು. ಹೆಪ್ಪು ತೆಗೆದರೆ ಸರಿಹೋಗುವ ರೋಗಿಗೆ ಎಕ್ಮೊ ಹಾಕುವುದು ದೊಡ್ಡ ತಪ್ಪು.

ಬಿಟ್ಟುಹೋದದ್ದು ಏನೂ ಇಲ್ಲ, ಎರಡು ಮೂರು ಔಷಧಿ ಒಟ್ಟಿಗೆ ಹೋಗುತ್ತಿವೆ, ಹೃದಯಕ್ಕೆ ನೆರವಾಗಲು ಅಯೋರ್ಟಾದಲ್ಲಿ (ಮಹಾಪಧಮನಿ) ಇಡುವ ಬಲೂನ್ ಪಂಪ್ ಹಾಕಿದ್ದರೂ ಸರಾಸರಿ ಬಿಪಿ 60 ದಾಟುತ್ತಿಲ್ಲ, ಮೂತ್ರ ನಿಂತಿದೆ, ಲ್ಯಾಕ್ಟೇಟ್ ಏರುತ್ತಿದೆ ಅಂದರೆ ತಡ ಮಾಡಬೇಡಿ. ಲ್ಯಾಕ್ಟೇಟ್ ಸಾಮಾನ್ಯವಾಗಿ ಲೀಟರ್‌ಗೆ 2 ಮಿಲಿಮೋಲ್‌ಗಿಂತ ಕೆಳಗಿರಬೇಕು. 4 ದಾಟಿ ಏರುತ್ತಲೇ ಇದ್ದರೆ ಅಂಗಾಂಗಗಳು ಹಸಿದಿವೆ ಅಂತ ಅರ್ಥ. 10 ದಾಟಿದ ಮೇಲೆ ಹಾಕಿದವರಲ್ಲಿ ಬದುಕುಳಿಯುವವರು ಬಹಳ ಕಡಿಮೆ. "ಇನ್ನೊಂದು ಔಷಧಿ ಹಾಕಿ ನೋಡೋಣ, ಬೆಳಗ್ಗೆ ತನಕ ಕಾಯೋಣ" ಅನ್ನುವ ಮಾತು ಕೇಳಲು ಹಿತವಾಗಿರುತ್ತದೆ. ನನ್ನ ಅನುಭವದಲ್ಲಿ ಅತಿ ಜಾಸ್ತಿ ನಷ್ಟ ಮಾಡಿದ ಮಾತೂ ಅದೇ.

ಯಾರಿಗೆ ಬೇಡ? ಮೆದುಳಿಗೆ ಸರಿಪಡಿಸಲಾಗದ ಪೆಟ್ಟು ಬಿದ್ದವರಿಗೆ, ಹಲವು ಅಂಗಗಳು ಆಗಲೇ ಕೈಬಿಟ್ಟವರಿಗೆ, ಕೊನೆಯ ಹಂತದ ಕ್ಯಾನ್ಸರ್ ಇರುವವರಿಗೆ, ಮುಂಚೆಯೇ ಬೇಡ ಅಂತ ಹೇಳಿಟ್ಟವರಿಗೆ. ಅಯೋರ್ಟಿಕ್ ವಾಲ್ವ್ ಜೋರಾಗಿ ಸೋರುತ್ತಿದ್ದರೆ ಮಿಷನ್ ಕಳಿಸಿದ ರಕ್ತ ವಾಪಸ್ ಹೃದಯದೊಳಕ್ಕೇ ನುಗ್ಗುತ್ತದೆ. ಅದನ್ನು ಮೊದಲು ಸರಿಪಡಿಸಬೇಕು. ವಯಸ್ಸೊಂದನ್ನೇ ನೋಡಿ ಬಾಗಿಲು ಮುಚ್ಚುವುದು ಸರಿಯಲ್ಲ. ಆದರೆ ವಯಸ್ಸಾದಷ್ಟೂ ಫಲಿತಾಂಶ ಕುಗ್ಗುತ್ತದೆ ಅನ್ನುವುದೂ ನಿಜ.

ಪೈಪ್ ಎಲ್ಲಿಂದ ಎಲ್ಲಿಗೆ

ಹೃದಯಕ್ಕೇ ಆಸರೆ ಬೇಕಿರುವುದರಿಂದ ಇಲ್ಲಿ ಬಳಸುವುದು ವಿ-ಎ ಎಕ್ಮೊ. ವೇನ್‌ನಿಂದ (ಅಭಿಧಮನಿ) ರಕ್ತ ತೆಗೆದು ಆರ್ಟರಿಗೆ (ಅಪಧಮನಿ) ಕೊಡುವುದು. ಎರಡು ದಾರಿ ಇವೆ. ಎದೆ ತೆರೆದೇ ಇದ್ದರೆ ನೇರ ಬಲ ಏಟ್ರಿಯಂನಿಂದ (ಹೃದಯದ ಬಲ ಮೇಲಿನ ಕೋಣೆ) ತೆಗೆದು ಅಯೋರ್ಟಾಕ್ಕೆ ಕೊಡಬಹುದು. ಹರಿವು ಚೆನ್ನಾಗಿ ಸಿಗುತ್ತದೆ, ಆದರೆ ರಕ್ತಸ್ರಾವ ಮತ್ತು ಸೋಂಕಿನ ಕಾಟ ಜಾಸ್ತಿ. ಇನ್ನೊಂದು ತೊಡೆಸಂದಿನ ದಾರಿ. ವೇನ್‌ಗೆ ಸಾಮಾನ್ಯವಾಗಿ 21ರಿಂದ 25 ಫ್ರೆಂಚ್ ಕ್ಯಾನುಲಾ, ಆರ್ಟರಿಗೆ 15ರಿಂದ 19. ಮೂರು ಫ್ರೆಂಚ್ ಅಂದರೆ ಒಂದು ಮಿಲಿಮೀಟರ್. 18 ಫ್ರೆಂಚ್ ಅಂದರೆ 6 ಮಿಲಿಮೀಟರ್ ದಪ್ಪದ ಪೈಪ್, ಸಣ್ಣ ಆರ್ಟರಿಯನ್ನು ಪೂರ್ತಿ ಮುಚ್ಚಿಬಿಡುವಷ್ಟು. ತೊಡೆಯ ದಾರಿಯಲ್ಲಿ ಎದೆ ಮುಚ್ಚಬಹುದು, ರಕ್ತಸ್ರಾವ ಕಡಿಮೆ. ಅದರ ಬದಲಿಗೆ ಕಾಲನ್ನು ಕಾಯಬೇಕು.

ಹರಿವು ದೇಹದ ಮೇಲ್ಮೈಯ ಪ್ರತಿ ಚದರ ಮೀಟರ್‌ಗೆ ನಿಮಿಷಕ್ಕೆ ಸುಮಾರು 2.2ರಿಂದ 2.4 ಲೀಟರ್. ಬಹಳಷ್ಟು ವಯಸ್ಕರಿಗೆ ಇದು ಒಟ್ಟು 4 ಲೀಟರ್ ಆಸುಪಾಸು ಬರುತ್ತದೆ. ಸರಾಸರಿ ಬಿಪಿ 65ರ ಮೇಲಿರಲಿ. ಲ್ಯಾಕ್ಟೇಟ್ ಗಂಟೆಗಂಟೆಗೂ ಇಳಿಯಬೇಕು. ಇಳಿಯದಿದ್ದರೆ ಹರಿವು ಸಾಲದು, ಇಲ್ಲವೇ ಎಲ್ಲೋ ಕರುಳೋ ಕಾಲೋ ಸಾಯುತ್ತಿದೆ.

ಗ್ಯಾಸ್ ವಿಷಯದಲ್ಲಿ ಒಂದು ಮಾತು. ಆಕ್ಸಿಜನೇಟರ್‌ಗೆ ಹೋಗುವ ಗ್ಯಾಸ್‌ನ ಹರಿವು ಕಾರ್ಬನ್ ಡೈಆಕ್ಸೈಡ್ ಅನ್ನು ನಿಭಾಯಿಸುತ್ತದೆ, ಅದರಲ್ಲಿರುವ ಆಕ್ಸಿಜನ್ ಶೇಕಡಾವಾರು ಆಕ್ಸಿಜನ್ ಅನ್ನು. ಹೊಸಬರು ಎರಡನ್ನೂ ಮೇಲಕ್ಕೆ ತಿರುಗಿಸಿ ಬಿಟ್ಟುಬಿಡುತ್ತಾರೆ. ಕಾರ್ಬನ್ ಡೈಆಕ್ಸೈಡ್ ದಿಢೀರನೆ ಇಳಿದರೆ ಮೆದುಳಿಗೆ ಒಳ್ಳೆಯದಲ್ಲ, ಆಕ್ಸಿಜನ್ ಮಿತಿಮೀರಿದರೂ ಒಳ್ಳೆಯದಲ್ಲ. ಗ್ಯಾಸ್ ಹರಿವನ್ನು ರಕ್ತದ ಹರಿವಿನಷ್ಟೋ ಅದಕ್ಕಿಂತ ಕಡಿಮೆಯೋ ಇಟ್ಟು ಶುರುಮಾಡಿ, ಬ್ಲಡ್ ಗ್ಯಾಸ್ ಪರೀಕ್ಷೆ ನೋಡಿ ತಿದ್ದಿ.

ರಕ್ತ ಸೋರುತ್ತಿರುವಾಗ ಹೆಪಾರಿನ್ ಹೇಗೆ?

ಬೇರೆ ಎಕ್ಮೊ ರೋಗಿಗಳಿಗೂ ನಮ್ಮವರಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ. ಇವರ ಎದೆ ಈಗಷ್ಟೇ ಕೊಯ್ದದ್ದು. ಹಾರ್ಟ್-ಲಂಗ್ ಮಿಷನ್ ಮೇಲೆ ಗಂಟೆಗಟ್ಟಲೆ ಇದ್ದು ಪ್ಲೇಟ್‌ಲೆಟ್ ಸೊರಗಿರುತ್ತದೆ. ಪೈಪ್‌ನಲ್ಲಿ ಹೆಪ್ಪುಗಟ್ಟಬಾರದು, ಎದೆಯಲ್ಲಿ ಹೆಪ್ಪುಗಟ್ಟಲೇಬೇಕು. ಹೇಗೆ ಹೊಂದಿಸುತ್ತೀರಿ?

ಎದೆಯ ಪರವಾಗಿ ನಿಲ್ಲುವುದೇ ಸಾಮಾನ್ಯ ಪದ್ಧತಿ. ಪ್ರೊಟಮಿನ್ ಕೊಟ್ಟು ಹಳೆಯ ಹೆಪಾರಿನ್ ಇಳಿಸುತ್ತಾರೆ. ಎದೆಯೊಳಗಿನ ರಕ್ತ ಹೊರಬಿಡುವ ಡ್ರೈನ್‌ನಿಂದ ಬರುವ ರಕ್ತ ತಗ್ಗುವ ತನಕ, ಅಂದರೆ ಅನೇಕ ಸಲ ಮೊದಲ 24ರಿಂದ 48 ಗಂಟೆ, ಹೊಸ ಹೆಪಾರಿನ್ ಶುರುಮಾಡುವುದಿಲ್ಲ. ಹರಿವು ಚೆನ್ನಾಗಿದ್ದರೆ ಈಗಿನ ಲೇಪನ ಮಾಡಿದ ಪೈಪ್‌ಗಳು ಅಷ್ಟು ಹೊತ್ತು ತಡೆದುಕೊಳ್ಳುತ್ತವೆ. ಆಮೇಲೆ ಕಡಿಮೆ ಪ್ರಮಾಣದಿಂದ ಶುರು. ಎಪಿಟಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಪರೀಕ್ಷೆ) ಸಾಮಾನ್ಯದ ಒಂದೂವರೆಯಿಂದ ಎರಡು ಪಟ್ಟಿನೊಳಗೆ.

ಡ್ರೈನ್ ಏಕಾಏಕಿ ನಿಂತರೆ ಖುಷಿಪಡಬೇಡಿ. ರಕ್ತ ನಿಂತಿರಬಹುದು, ಡ್ರೈನೇ ಕಟ್ಟಿಕೊಂಡಿರಬಹುದು.

ಬರೆದಿಡಲು ಮರೆಯುವ ಒಂದು ಕೆಲಸ: ಪ್ರತಿ ಪಾಳಿಯಲ್ಲೂ ಟಾರ್ಚ್ ಹಿಡಿದು ಆಕ್ಸಿಜನೇಟರ್ ಮತ್ತು ಕನೆಕ್ಟರ್‌ಗಳನ್ನು ನೋಡಿ. ಕಪ್ಪು ಚುಕ್ಕೆ, ಬಿಳಿ ದಾರದಂಥ ಎಳೆ ಕಂಡರೆ ಎಲ್ಲಿ, ಎಷ್ಟು ದೊಡ್ಡದು ಅಂತ ಬರೆಯಿರಿ. ಆಕ್ಸಿಜನೇಟರ್ ದಾಟಿದ ಮೇಲಿನ ಪೈಪ್‌ನಲ್ಲಿ ಹೆಪ್ಪು ಕಂಡರೆ ಅದು ನೇರ ರೋಗಿಗೆ ಹೋಗುವ ಹೆಪ್ಪು, ತಕ್ಷಣ ಕರೆಯಿರಿ. ಮೂತ್ರ ಕಡು ಚಹಾ ಬಣ್ಣಕ್ಕೆ ತಿರುಗಿದರೆ ಕೆಂಪು ರಕ್ತಕಣ ಒಡೆಯುತ್ತಿವೆಯಾ ಅಂತ ಪರೀಕ್ಷೆಗೆ ಕಳಿಸಿ. ಪಂಪ್ ಹೆಡ್‌ನಲ್ಲಿ ಹೆಪ್ಪು, ಅತಿಯಾದ ಆರ್‌ಪಿಎಂ (ಪಂಪ್ ತಿರುಗುವ ವೇಗ), ಎಳೆಯುವ ಒತ್ತಡ ಮೈನಸ್ 100ಕ್ಕಿಂತ ಕೆಳಗೆ ಹೋಗಿರುವುದು ಇದಕ್ಕೆ ಸಾಮಾನ್ಯ ಕಾರಣಗಳು.

ಅಲೆ ಸಪಾಟಾದರೆ

ತೊಡೆಯ ಆರ್ಟರಿಯಿಂದ ಒಳಬಂದ ರಕ್ತ ಅಯೋರ್ಟಾದಲ್ಲಿ ಮೇಲ್ಮುಖವಾಗಿ ಹರಿಯುತ್ತದೆ. ಸೋತ ಎಡ ವೆಂಟ್ರಿಕಲ್ (ದೇಹಕ್ಕೆ ರಕ್ತ ತಳ್ಳುವ ಹೃದಯದ ಕೋಣೆ) ಅದರ ಎದುರು ತಳ್ಳಬೇಕು. ಅಂದರೆ ಯಾವ ಹೃದಯಕ್ಕೆ ವಿಶ್ರಾಂತಿ ಕೊಡಲು ಹೊರಟೆವೋ ಅದರ ಬಾಗಿಲಿಗೇ ಭಾರ ಒತ್ತಿದ ಹಾಗಾಯಿತು, ಅಲ್ವಾ? ತಳ್ಳಲಾಗದಿದ್ದರೆ ಅಯೋರ್ಟಿಕ್ ವಾಲ್ವ್ ತೆರೆಯುವುದೇ ಇಲ್ಲ. ಒಳಗೆ ರಕ್ತ ನಿಂತು ವೆಂಟ್ರಿಕಲ್ ಉಬ್ಬುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ನಿಂತ ರಕ್ತ ಹೆಪ್ಪುಗಟ್ಟುತ್ತದೆ.

ಮಾನಿಟರ್‌ನಲ್ಲಿ ಆರ್ಟರಿಯ ಅಲೆ ನೋಡಿ. ಮೇಲಿನ ಮತ್ತು ಕೆಳಗಿನ ಬಿಪಿಯ ಅಂತರ 10ಕ್ಕಿಂತ ಕಡಿಮೆಯಾಗಿ ಅಲೆ ಸಪಾಟಾಗುತ್ತಿದ್ದರೆ ಎಕೊ ಕೇಳಿ. ಸರಾಸರಿ ಬಿಪಿ 70 ಇದೆಯಲ್ಲ ಅಂತ ಸುಮ್ಮನಿರಬೇಡಿ, ಆ 70 ಪಂಪ್‌ನದ್ದು. ಅಂಗಗಳಿಗೆ ಸಾಲುವಷ್ಟು ಮಾತ್ರ ಹರಿವು ಇಡುವುದು, ಹೃದಯ ಮಿಡಿಯುತ್ತಿರಲು ಸ್ವಲ್ಪ ಇನೊಟ್ರೋಪ್ (ಮಿಡಿತಕ್ಕೆ ಬಲ ಕೊಡುವ ಔಷಧಿ) ಮುಂದುವರಿಸುವುದು, ಜಾಸ್ತಿಯಾದ ನೀರು ತೆಗೆಯುವುದು, ಇವು ಮೊದಲ ಉಪಾಯಗಳು. ಸಾಲದಿದ್ದರೆ ಬಲೂನ್ ಪಂಪ್, ವೆಂಟ್ರಿಕಲ್‌ನೊಳಗೆ ಇಡುವ ಇಂಪೆಲ್ಲಾ ಅನ್ನುವ ಸಣ್ಣ ಪಂಪ್, ಅಥವಾ ನಿಂತ ರಕ್ತ ಹೊರತೆಗೆಯಲು ಸರ್ಜನ್ ನೇರವಾಗಿ ಹಾಕುವ ವೆಂಟ್ ಪೈಪ್.

ಬಲಗೈ, ಕಾಲು, ಕಣ್ಣುಪಾಪೆ

ಈಗ ತದ್ವಿರುದ್ಧ ಸ್ಥಿತಿ. ಮೂರನೇ ದಿನ ಹೃದಯ ಚೇತರಿಸಿಕೊಂಡಿದೆ, ಆದರೆ ಶ್ವಾಸಕೋಶ ಇನ್ನೂ ಕೆಟ್ಟಿದೆ. ಹೃದಯ ಹೊರಕ್ಕೆ ತಳ್ಳುವ ರಕ್ತದಲ್ಲಿ ಆಕ್ಸಿಜನ್ ಇಲ್ಲ. ಅದು ಹೋಗುವುದು ಮೊದಲು ಕರೊನರಿಗಳಿಗೆ, ಆಮೇಲೆ ಬಲಗೈಗೆ ಮತ್ತು ಮೆದುಳಿಗೆ. ಪಂಪ್‌ನ ಕೆಂಪು ರಕ್ತ ಕೆಳಗಡೆ ಕಾಲು, ಹೊಟ್ಟೆಗೆ ಸಿಗುತ್ತಿರುತ್ತದೆ. ಕಾಲ್ಬೆರಳು ಗುಲಾಬಿ, ತುಟಿ ನೀಲಿ. ಇದಕ್ಕೆ ಹಾರ್ಲೆಕ್ವಿನ್ ಅಂತ ಹೆಸರು.

ಹಾಗಾಗಿ ಆರ್ಟರಿ ಲೈನ್ ಬಲಗೈ ಮಣಿಕಟ್ಟಿನಲ್ಲೇ ಇರಲಿ, ಬೆರಳಿನ ಸ್ಯಾಚುರೇಷನ್ ಕ್ಲಿಪ್ಪೂ ಬಲಗೈಗೇ. ಎಡಗೈ ಅಥವಾ ತೊಡೆಯಿಂದ ತೆಗೆದ ಬ್ಲಡ್ ಗ್ಯಾಸ್ ನಿಮಗೆ ಚೆಂದದ ಸುಳ್ಳು ಹೇಳಬಹುದು. ಕಂಡುಬಂದರೆ ಮೊದಲು ವೆಂಟಿಲೇಟರ್ ಸರಿಪಡಿಸಿ. ಅದಕ್ಕೂ ಬಗ್ಗದಿದ್ದರೆ ಹರಿವು ಏರಿಸುವುದು, ಕತ್ತಿನ ವೇನ್‌ಗೆ ಇನ್ನೊಂದು ಕ್ಯಾನುಲಾ ಹಾಕಿ ಅಲ್ಲಿಗೂ ಕೆಂಪು ರಕ್ತ ಕೊಡುವುದು, ಅಥವಾ ಹೃದಯ ಪೂರ್ತಿ ಎದ್ದಿದ್ದರೆ ವೇನ್‌ನಿಂದ ತೆಗೆದು ವೇನ್‌ಗೇ ಕೊಡುವ ವಿ-ವಿ ಎಕ್ಮೊಗೆ ಬದಲಿಸುವುದು.

ಕಾಲಿನ ವಿಷಯದಲ್ಲಿ ಶುರುವಿನಲ್ಲೇ 6ರಿಂದ 8 ಫ್ರೆಂಚಿನ ಸಣ್ಣ ಕ್ಯಾನುಲಾವೊಂದನ್ನು ತೊಡೆಯ ಆರ್ಟರಿಗೆ ಕೆಳಮುಖವಾಗಿ ಹಾಕಿಸಿ. ಆಮೇಲೆ ನೋಡೋಣ ಅಂದವರು ಕಾಲು ತಣ್ಣಗಾದ ಮೇಲೆ ಓಡಾಡುತ್ತಾರೆ. ಗಂಟೆಗೊಮ್ಮೆ ಹೊದಿಕೆ ಸರಿಸಿ ಎರಡೂ ಮೀನಖಂಡ ಮುಟ್ಟಿ ಹೋಲಿಸಿ: ಬಿಸಿ ಒಂದೇ ಥರ ಇದೆಯಾ, ಕಲ್ಲಿನಂತೆ ಗಟ್ಟಿಯಾಗುತ್ತಿದೆಯಾ, ರಕ್ತದ ಹರಿವು ಕೇಳಿಸುವ ಡಾಪ್ಲರ್‌ನಲ್ಲಿ ಸದ್ದು ಬರುತ್ತಿದೆಯಾ? ನಾಡಿ ಸಿಗದಿರುವುದು ಎಕ್ಮೊದಲ್ಲಿ ಸಹಜ, ಡಾಪ್ಲರ್ ಸದ್ದು ಇಲ್ಲದಿರುವುದು ಸಹಜವಲ್ಲ.

ಕಣ್ಣುಪಾಪೆಯನ್ನೂ ಗಂಟೆಗೊಮ್ಮೆ ನೋಡಿ. ಮೆದುಳಿನ ಆಕ್ಸಿಜನ್ ತೋರಿಸಲು ಹಣೆಗೆ ಅಂಟಿಸುವ ಎನ್‌ಐಆರ್‌ಎಸ್ ಪಟ್ಟಿ ಇದ್ದರೆ ಎರಡೂ ಬದಿಯ ಸಂಖ್ಯೆ ಹೋಲಿಸಿ. ನೋವು ತಗ್ಗಿಸಿ ಮಲಗಿಸಲು ಕೊಡುವ ಫೆಂಟನಿಲ್, ಮಿಡಾಜೊಲಾಮ್, ಪ್ರೊಪೊಫಾಲ್ ಪೈಪ್‌ನ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತವೆ. ಡೋಸ್ ಸಾಲುತ್ತಿಲ್ಲ ಅನಿಸಿದರೆ ಅದೂ ಒಂದು ಕಾರಣ.

ಪೈಪ್ ನಡುಗಿದ ರಾತ್ರಿ

ಕೆಲವು ವರ್ಷಗಳ ಹಿಂದೆ, ಬೆಳಗಿನ ಜಾವ ಸುಮಾರು ಮೂರು ಗಂಟೆ. ರಕ್ತ ಎಳೆಯುವ ಪೈಪ್ ಹಾಸಿಗೆಯ ಅಂಚಿಗೆ ತಾಗಿ ಟಕ ಟಕ ಅಂತ ಕುಣಿಯಲು ಶುರುವಾಯಿತು. ಹರಿವು 4.1ರಿಂದ 2.8ಕ್ಕೆ ಇಳಿಯಿತು. ಅಲ್ಲಿದ್ದ ನಾನು ಆರ್‌ಪಿಎಂ ಏರಿಸಿದೆ. ಹರಿವು ಇನ್ನೂ ಕುಸಿಯಿತು. ಎರಡು ಬಾಟಲಿ ದ್ರವ ಕೊಟ್ಟೆ. ಹತ್ತು ನಿಮಿಷ ಸರಿಹೋಯಿತು, ಮತ್ತೆ ಕುಣಿತ. ಕೊನೆಗೆ ಹಿರಿಯ ನರ್ಸ್ ಬಂದು ಒಂದೇ ಮಾತು ಕೇಳಿದರು: "ಡ್ರೈನ್ ಯಾವಾಗ ನಿಂತಿತು?" ಎರಡು ಗಂಟೆ ಹಿಂದೆಯೇ ನಿಂತಿತ್ತು. ಚಾರ್ಟ್‌ನಲ್ಲಿ "0" ಅಂತ ನಾನೇ ನೆಮ್ಮದಿಯಿಂದ ಬರೆದಿದ್ದೆ. ಎದೆ ತೆರೆದಾಗ ಬಲ ಏಟ್ರಿಯಂ ಸುತ್ತ ಒಂದು ಹಿಡಿ ಹೆಪ್ಪು.

ಆ ರಾತ್ರಿಯಿಂದ ನನ್ನ ಕ್ರಮ ಹೀಗಿದೆ. ಪೈಪ್ ನಡುಗಿದರೆ ಮೊದಲು ಆರ್‌ಪಿಎಂ ಸ್ವಲ್ಪ ಇಳಿಸುತ್ತೇನೆ. ವೇನ್‌ನ ಗೋಡೆಯನ್ನೇ ಪಂಪ್ ಹೀರುತ್ತಿದ್ದರೆ ಅದು ಬಿಡಿಸಿಕೊಳ್ಳುತ್ತದೆ, ಹರಿವು ಎಷ್ಟೋ ಸಲ ಏರುತ್ತದೆ. ಆಮೇಲೆ ಹಾಸಿಗೆಯಿಂದ ಪಂಪ್ ತನಕ ಪೈಪ್ ಮೇಲೆ ಕೈಯಾಡಿಸಿ ಮಡಿಕೆ ಹುಡುಕುತ್ತೇನೆ. ರೋಗಿ ಕೆಮ್ಮುತ್ತಿದ್ದಾರಾ, ಕಾಲು ಮಡಚಿದ್ದಾರಾ, ಎದೆಯಲ್ಲಿ ಗಾಳಿ ತುಂಬಿದೆಯಾ, ಡ್ರೈನ್ ಏನು ಹೇಳುತ್ತಿದೆ ಅಂತ ನೋಡಿ, ಆಮೇಲಷ್ಟೇ ದ್ರವ ಅಥವಾ ರಕ್ತ.

ಇನ್ನೊಂದು ಸುಲಭದ ಪರೀಕ್ಷೆ ಬಣ್ಣ. ರೋಗಿಯಿಂದ ಹೊರಬರುವ ಪೈಪ್ ಕಡುಗೆಂಪು, ರೋಗಿಯ ಒಳಹೋಗುವುದು ಹೊಳೆಯುವ ಕೆಂಪು ಇರಬೇಕು. ಎರಡೂ ಕಪ್ಪಾಗಿ ಕಂಡರೆ ಗ್ಯಾಸ್ ಟ್ಯೂಬ್ ಕಳಚಿದೆಯಾ, ಸಿಲಿಂಡರ್ ಖಾಲಿಯಾಯಿತಾ ಅಂತ ಮೊದಲು ನೋಡಿ. ಸ್ಕ್ಯಾನ್‌ಗೆ ಹೋಗಿಬಂದ ಮೇಲೆ ಇದು ಜಾಸ್ತಿ ಆಗುತ್ತದೆ.

ಪಂಪ್ ನಿಂತರೆ: ಸೆಂಟ್ರಿಫ್ಯೂಗಲ್ ಪಂಪ್ ಪೈಪನ್ನು ಒತ್ತಿ ಹಿಡಿಯುವುದಿಲ್ಲ. ತಿರುಗುವುದು ನಿಂತ ಕ್ಷಣ ಆರ್ಟರಿಯ ರಕ್ತ ಹಿಂದಕ್ಕೆ ನುಗ್ಗುತ್ತದೆ. ಆದ್ದರಿಂದ ರೋಗಿಗೆ ಹೋಗುವ ಪೈಪ್‌ಗೆ ಮೊದಲು ಕ್ಲ್ಯಾಂಪ್, ಸಹಾಯಕ್ಕೆ ಕೂಗು, ವೆಂಟಿಲೇಟರ್ ಮತ್ತು ಔಷಧಿ ಏರಿಕೆ, ಕೈಯಿಂದ ತಿರುಗಿಸುವ ಹ್ಯಾಂಡಲ್‌ಗೆ ಪಂಪ್ ಹೆಡ್ ಬದಲಾವಣೆ. ಗಾಳಿ ಕಂಡರೂ ಮೊದಲ ಕೆಲಸ ಅದೇ ಕ್ಲ್ಯಾಂಪ್, ಆಮೇಲೆ ಪಂಪ್ ನಿಲ್ಲಿಸಿ ತಲೆ ಕಡೆ ಹಾಸಿಗೆ ತಗ್ಗಿಸುವುದು. ನಾಲ್ಕು ಕ್ಲ್ಯಾಂಪ್, ಹ್ಯಾಂಡಲ್, ತುಂಬಿದ ಆಕ್ಸಿಜನ್ ಸಿಲಿಂಡರ್, ಇವು ಹಾಸಿಗೆ ಪಕ್ಕದಲ್ಲಿವೆಯಾ ಅಂತ ಹ್ಯಾಂಡೋವರ್‌ನಲ್ಲಿ ಕೈಯಿಂದ ಮುಟ್ಟಿ ನೋಡಿ. ಸ್ಟೋರ್‌ನಲ್ಲಿದೆ ಅನ್ನುವುದು ಇಲ್ಲ ಅಂದ ಹಾಗೆ.

ಮನೆಯವರ ಜೊತೆ

ಅವರಿಗೆ ಮೊದಲ ದಿನವೇ ಹೇಳಿ. ಹಾರ್ಟ್ ಆಪರೇಷನ್ ಆದಮೇಲೆ ಎಕ್ಮೊ ಬೇಕಾದ ವಯಸ್ಕರಲ್ಲಿ ಮನೆಗೆ ಹೋಗುವವರು ಹತ್ತರಲ್ಲಿ ಮೂರು ನಾಲ್ಕು ಜನ. ಮಿಷನ್‌ನಿಂದ ಹೊರಬಂದವರೆಲ್ಲ ಆಸ್ಪತ್ರೆಯಿಂದ ಹೊರಬರುವುದಿಲ್ಲ, ಇದನ್ನೂ ಹೇಳಬೇಕು. "ಇದು ಹೃದಯಕ್ಕೆ ಸಮಯ ಕೊಡುವ ಮಿಷನ್. ಎರಡು ಮೂರು ದಿನಕ್ಕೊಮ್ಮೆ ಕೂತು ಮುಂದುವರಿಸಬೇಕಾ ಅಂತ ಮಾತಾಡೋಣ" ಅಂತ ಶುರುವಿನಲ್ಲೇ ಹೇಳಿದ್ದರೆ, ಐದನೇ ದಿನದ ಕಷ್ಟದ ಮಾತು ಅವರಿಗೆ ಬರಸಿಡಿಲಾಗುವುದಿಲ್ಲ. ಒಳಗೆ ಕರೆದುಕೊಂಡು ಬರುವ ಮುಂಚೆ ದಪ್ಪ ಪೈಪ್‌ಗಳಲ್ಲಿ ರಕ್ತ ಕಾಣುತ್ತದೆ, ಮುಖ ಊದಿಕೊಂಡಿರುತ್ತದೆ ಅಂತ ತಿಳಿಸಿ. ಕೈ ಹಿಡಿಯಬಹುದು ಅಂತಲೂ ತಿಳಿಸಿ, ಯಾರೂ ಕೇಳಲು ಧೈರ್ಯ ಮಾಡುವುದಿಲ್ಲ.

ಇಳಿಸುವುದು

ಅಲೆಯಲ್ಲಿ ಜೀವ ಮರಳುತ್ತದೆ. ಮೇಲಿನ-ಕೆಳಗಿನ ಬಿಪಿಯ ಅಂತರ 15, ಆಮೇಲೆ 25, ಹೀಗೆ ಬೆಳೆಯುತ್ತದೆ. ಸಾಮಾನ್ಯವಾಗಿ 48ರಿಂದ 72 ಗಂಟೆ ಕಳೆದ ಮೇಲೆ ಪರೀಕ್ಷೆ ಮಾಡಿ ನೋಡುತ್ತಾರೆ. ಔಷಧಿ ಕಡಿಮೆ ಇರಬೇಕು, ಲ್ಯಾಕ್ಟೇಟ್ ಇಳಿದಿರಬೇಕು, ಶ್ವಾಸಕೋಶ ತನ್ನ ಕೆಲಸ ಮಾಡುವಂತಿರಬೇಕು.

ಹರಿವನ್ನು ಅರ್ಧರ್ಧ ಲೀಟರ್ ಇಳಿಸುತ್ತಾ 1ರಿಂದ 1.5 ಲೀಟರ್ ತನಕ ಬನ್ನಿ. ಪ್ರತಿ ಹೆಜ್ಜೆಗೂ ಕೆಲವು ನಿಮಿಷ ನಿಂತು ಎಕೊ ನೋಡಿ. ಹರಿವು ಕಡಿಮೆಯಾದಾಗ ಹೆಪ್ಪುಗಟ್ಟುವ ಭಯ ಜಾಸ್ತಿ, ಹಾಗಾಗಿ ಶುರುಮಾಡುವ ಮುಂಚೆ ಹೆಪಾರಿನ್ ಸಾಕಷ್ಟಿದೆಯಾ ನೋಡಿ, ಕೆಳಗೆ ಜಾಸ್ತಿ ಹೊತ್ತು ಕೂರಬೇಡಿ. ಆ ಕಡಿಮೆ ಹರಿವಿನಲ್ಲಿ ಸರಾಸರಿ ಬಿಪಿ 60ರ ಮೇಲೆ ನಿಂತು, ಎಡ ವೆಂಟ್ರಿಕಲ್‌ನ ಇಜೆಕ್ಷನ್ ಫ್ರಾಕ್ಷನ್ (ಒಂದು ಬಡಿತಕ್ಕೆ ಹೊರತಳ್ಳುವ ರಕ್ತದ ಪಾಲು) ಶೇ 20-25 ದಾಟಿ, ಅಯೋರ್ಟಾದ ವಿಟಿಐ (ಒಂದು ಬಡಿತಕ್ಕೆ ರಕ್ತ ಸಾಗುವ ದೂರ) ಕನಿಷ್ಠ 10 ಸೆಂಟಿಮೀಟರ್ ಇದ್ದರೆ ಧೈರ್ಯ ಮಾಡಬಹುದು. ಎಲ್ಲರೂ ಎಡಗಡೆಯನ್ನೇ ನೋಡುತ್ತಿರುವಾಗ ಬಲ ವೆಂಟ್ರಿಕಲ್ ಸದ್ದಿಲ್ಲದೆ ಉಬ್ಬುವುದುಂಟು. ಸಿವಿಪಿ (ಹೃದಯಕ್ಕೆ ಮರಳುವ ದೊಡ್ಡ ವೇನ್‌ನಲ್ಲಿನ ಒತ್ತಡ) ಏರುತ್ತಿದೆಯಾ ಅಂತ ಒಬ್ಬರು ನೋಡುತ್ತಿರಲಿ.

ಸೋತರೆ ಹರಿವು ಮತ್ತೆ ಏರಿಸಿ ಮರುದಿನ ಪ್ರಯತ್ನಿಸಿ. ವಾರ ಕಳೆದರೂ ಹೃದಯ ಏಳದಿದ್ದರೆ, ಮೊದಲ ದಿನ ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಬೇಕು. ವ್ಯಾಡ್ ಅಥವಾ ಕಸಿಗೆ ದಾರಿ ಇದೆಯಾ? ಇಲ್ಲದಿದ್ದರೆ ನೋವಾಗದಂತೆ ಔಷಧಿ ಕೊಟ್ಟು, ಮನೆಯವರು ಪಕ್ಕದಲ್ಲಿದ್ದಾಗ ನಿಲ್ಲಿಸುವುದೂ ನಮ್ಮದೇ ಕೆಲಸ.

ಗೆದ್ದರೆ ಆರ್ಟರಿಯ ಕ್ಯಾನುಲಾವನ್ನು ಸಾಮಾನ್ಯವಾಗಿ ಓಟಿಯಲ್ಲಿ ತೆಗೆದು ಆರ್ಟರಿ ಹೊಲಿಯುತ್ತಾರೆ. ಆ ರಾತ್ರಿ ಮತ್ತೆ ಎರಡೂ ಮೀನಖಂಡ ಮುಟ್ಟಿ ನೋಡಬೇಕು. ಒಂದೆರಡು ದಿನದಲ್ಲಿ ತೊಡೆಯ ವೇನ್‌ನ ಡಾಪ್ಲರ್ ಸ್ಕ್ಯಾನ್ ಮಾಡಿಸಿ, ಕ್ಯಾನುಲಾ ಇದ್ದ ಜಾಗದಲ್ಲಿ ಹೆಪ್ಪು ಉಳಿದಿರಬಹುದು.